ಸೂಕಿಯ ಕಾಲಿನ ಅಳತೆ

ಈಸ್ಟ್ ಮೆರಿಯಮ್, ಮಸಾಚುಸೆಟ್ಸ್
ಭಾನುವಾರ, 6 ನವೆಂಬರ್ 1994

ಪ್ರೀತಿಯ ಅಪ್ಪಾ,

ಕೆಮ್ಮು ಹೇಗಿದೆ? ಅರಿಜೋನಾದ ಒಣಹವೆಗೆ ಎದೆ ಹಗುರಾಗಿದೆ, ಈಗ ಒಂದೇ ದಿಂಬು ಸಾಕಾಗುತ್ತಿದೆ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಆದರೆ ಅಕ್ಕ ನೂರಾಮೂರು ಜ್ವರವಿದ್ದರೂ ಮೈ ಸ್ವಲ್ಪ ಬೆಚ್ಚಗಿದೆ ಎನ್ನುವವಳು, ಆದ್ದರಿಂದ ನೀನೇ ಎರಡು ಸಾಲು ಬರೆ. ನಲವತ್ತು ವರ್ಷ ಬೂಟಿನ ಕಾರ್ಖಾನೆಯಲ್ಲಿ ಚರ್ಮದ ಧೂಳು ಕುಡಿದ ಎದೆ ಎರಡು ತಿಂಗಳಲ್ಲಿ ತೊಳೆದು ಹೋಗುವುದಿಲ್ಲ. ಡಾಕ್ಟರು ಕೊಟ್ಟ ಹಬೆಯ ಯಂತ್ರವನ್ನು ದಿನಾ ಇಟ್ಟುಕೋ. ಅದನ್ನು ಮಂಚದ ಕೆಳಗೆ ತಳ್ಳಿ ‘ಎಲ್ಲೋ ಕಳೆದೋಯ್ತಮ್ಮ’ ಅನ್ನಬೇಡ, ಆ ಆಟ ನನಗೆ ಚೆನ್ನಾಗಿ ಗೊತ್ತು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಎರಡು ಸಲ ಹಿಮದ ಪುಡಿ ಉದುರಿ ಕರಗಿತು. ಹಿತ್ತಲಿನ ಕುಂಬಳಗಳೆಲ್ಲ ನೆಲಮಾಳಿಗೆ ಸೇರಿವೆ. ಹಬ್ಬದ ಪೈಗೆ ಆಗಿ ಮಿಕ್ಕುವಷ್ಟಿವೆ. ತಮ್ಮ ಡ್ವೈಟ್ ಕೊನೆಗೂ ಅಡುಗೆಮನೆಯ ಕಿಟಕಿ ಸರಿಮಾಡಿದ. ಹದಿನೈದು ವರ್ಷದಿಂದ ‘ಮುಂದಿನ ಶನಿವಾರ’ ಎನ್ನುತ್ತಿದ್ದವನಿಗೆ ಯಾವ ದೇವರು ಬುದ್ಧಿ ಕೊಟ್ಟನೋ. ಈಗ ಅದು ಎತ್ತಿದಲ್ಲಿ ನಿಲ್ಲುತ್ತದೆ, ಆನುಗೋಲು ಬೇಡ. ಹಾಗಾಗಿ ಕಿಟಕಿಗೆ ಆನಿಸುತ್ತಿದ್ದ ಕಡ್ಡಿ ದೊಡ್ಡ ಐಸಾಕ್ ಕೆಲಸ ಕಳೆದುಕೊಂಡು ಮತ್ತೆ ಪೆಟ್ಟಿಗೆ ಸೇರಿದ. ಅಪ್ಪಾ, ನಾನು ಹೇಳಬೇಕಾದದ್ದು ಅಲ್ಲಿಂದಲೇ ಶುರುವಾಗುತ್ತದೆ.

ನೇರವಾಗಿ ಹೇಳಲು ಧೈರ್ಯ ಸಾಲದೆ ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ, ಬೇಸರಪಡಬೇಡ. ನನಗೆ ಬುದ್ಧಿ ಬಂದಾಗಿನಿಂದ ಥ್ಯಾಂಕ್ಸ್‌ಗಿವಿಂಗ್ ಊಟ ಎಂದರೆ ಟರ್ಕಿ ಕೋಳಿಯಲ್ಲ, ಪೈ ಮುಗಿದ ಮೇಲೆ ನೀನು ಒಲೆಗೂಡಿನ ಮೇಲಿಂದ ಇಳಿಸುತ್ತಿದ್ದ ಆ ಮೇಣದಬತ್ತಿಯ ಪೆಟ್ಟಿಗೆ. ಅದರ ಕಡ್ಡಿಗಳು ಒಟ್ಟು ನಲವತ್ತೊಂದು. ಒಂದೊಂದೂ ಒಂದೊಂದು ಉದ್ದ, ಒಂದೊಂದರ ಮೇಲೂ ಚಾಕುವಿನಿಂದ ಕೆತ್ತಿದ ಒಂದು ಹೆಸರು. ಫೀಬಿ, ಕೇಟೊ, ಸೂಕಿ, ಲಂಡನ್, ಪುಟ್ಟ ಹ್ಯಾನಾ, ದೊಡ್ಡ ಐಸಾಕ್. ನಮ್ಮ ಮೂಲಪುರುಷ ಜಬೆಜ್ ಟಾರ್ಬೆಲ್ ಅನಾಥ ಮಕ್ಕಳಿಗೆ ಧರ್ಮಕ್ಕೆ ಬೂಟು ಹೊಲಿಸಿಕೊಡಲು ಅವರ ಕಾಲಿನ ಅಳತೆ ತೆಗೆದ ಕಡ್ಡಿಗಳು ಅವು ಎಂದು ನೀನು ಹೇಳುತ್ತಿದ್ದೆ. ‘ಬರಿಗಾಲಿನ ಮಗೂನ ಕಂಡ್ರೆ ಜಬೆಜಜ್ಜಂಗೆ ತುತ್ತು ಗಂಟಲಲ್ಲಿ ಇಳೀತಿರಲಿಲ್ಲ’ ಎಂಬ ಮಾತು ಬಂದಾಗ ಅಮ್ಮ ಪ್ರತಿ ವರ್ಷವೂ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಮೇಲೆ ಆ ವರ್ಷ ಹದಿಮೂರು ತುಂಬಿದವರು ಕಾಲುಚೀಲ ಬಿಚ್ಚಿ ಒಲೆಯ ಮುಂದಿನ ಕಲ್ಲಿನ ಮೇಲೆ ನಿಲ್ಲಬೇಕು. ನೀನು ಮಂಡಿಯೂರಿ ಒಂದೊಂದೇ ಕಡ್ಡಿಯನ್ನು ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಇಟ್ಟು ನೋಡುತ್ತಿದ್ದೆ. ಸರಿಹೊಂದಿದ್ದು ಅವರ ಕಡ್ಡಿ, ಅದರ ಹೆಸರು ಮನೆಯಲ್ಲಿ ಅವರನ್ನು ಕರೆಯುವ ಹೆಸರು. ನನಗೆ ಸಿಕ್ಕಿದ್ದು ಸೂಕಿ. ಉಳಿದವರ ಹೆಸರು ಹಬ್ಬ ಮುಗಿಯುವಷ್ಟರಲ್ಲಿ ಮರೆತುಹೋಗುತ್ತಿತ್ತು, ನನ್ನದು ಅಂಟಿಕೊಂಡಿತು. ಅಮ್ಮ ಸಾಯುವವರೆಗೂ ಸೂಕಿ ಎಂದೇ ಕರೆದಳು, ಡ್ವೈಟ್ ಈಗಲೂ ಕರೆಯುತ್ತಾನೆ. ನೀನು ಮಾತ್ರ ನಾನು ಕಾಲೇಜಿಗೆ ಹೋದ ಮೇಲೆ ಲೋಯಿಸ್ ಎನ್ನತೊಡಗಿದೆ. ಮಗಳು ದೊಡ್ಡವಳಾದಳೆಂದು ಮರ್ಯಾದೆ ಕೊಡುತ್ತಿದ್ದೀಯ ಎಂದುಕೊಂಡು ನಾನು ಬೀಗಿದ್ದೆ. ನಿನ್ನದು ಕೇಟೊ, ಅದು ಪೆಟ್ಟಿಗೆಯಲ್ಲಿರದೆ ನಿನ್ನ ಕೋಟಿನ ಒಳಜೇಬಿನಲ್ಲೇ ಇರುತ್ತದೆ. ದೊಡ್ಡ ಐಸಾಕ್‌ಗೆ ಹೊಂದುವ ಕಾಲು ನಮ್ಮ ವಂಶದಲ್ಲೇ ಹುಟ್ಟಲಿಲ್ಲವೆಂದು ಅವನನ್ನು ಕಿಟಕಿಗೆ ಆನಿಸಿಟ್ಟೆವು.

ನಾನು ಎಂಟನೇ ತರಗತಿಗೆ ಚರಿತ್ರೆ ಕಲಿಸಲು ಶುರುಮಾಡಿ ಇಪ್ಪತ್ತಾರು ವರ್ಷ. ಪ್ರತಿ ಅಕ್ಟೋಬರಿನಲ್ಲೂ ಗುಲಾಮಗಿರಿಯ ಪಾಠ ಬಂದಾಗ ಹಲಗೆಯ ಮೇಲೆ ದೇಶದ ನಕ್ಷೆ ಬರೆದು ದಕ್ಷಿಣಕ್ಕೆಲ್ಲ ಕೆಂಪು ಬಳಿಯುತ್ತಿದ್ದೆ. ನಮ್ಮ ಉತ್ತರವನ್ನು ಹಾಗೇ ಬಿಡುತ್ತಿದ್ದೆ. ಅವರು ಮನುಷ್ಯರನ್ನು ಮಾರಿದರು, ನಾವು ಬಿಡಿಸಿದೆವು, ಅಷ್ಟೇ ಪಾಠ. ಕೊನೆಯಲ್ಲಿ ನಮ್ಮೂರಿನವರು ಎಂಥವರೆಂದು ತೋರಿಸಲು ಈ ಪೆಟ್ಟಿಗೆಯನ್ನು ಒಯ್ಯುತ್ತಿದ್ದೆ. ಇಗರ್ಜಿಯಲ್ಲಿ ಚೌಕಟ್ಟು ಹಾಕಿಟ್ಟಿರುವ, ಗುಲಾಮಗಿರಿ ತೊಲಗಲೆಂಬ 1837ರ ಮನವಿಯಲ್ಲಿ ಮೂರನೆಯ ಸಹಿ ಜಬೆಜಜ್ಜನದು ಎಂಬುದನ್ನೂ ಸೇರಿಸುತ್ತಿದ್ದೆ. ಈ ಸಲ ಪೆಟ್ಟಿಗೆಯೊಳಗೆ ದೊಡ್ಡ ಐಸಾಕನೂ ಇದ್ದ. ಸೆಪ್ಟೆಂಬರಿನಲ್ಲಿ ಹೊಸದಾಗಿ ಸೇರಿದ ಒಡೆಟ್ ಎಂಬ ಹುಡುಗಿ ಇದ್ದಾಳೆ. ಅಪ್ಪ ಅಮ್ಮ ಹೈಟಿಯವರು, ಅಪ್ಪ ವೂಸ್ಟರಿನಲ್ಲಿ ಬಸ್ ಓಡಿಸುತ್ತಾರೆ. ಉಳಿದ ಮಕ್ಕಳಿಗೆ ನಮ್ಮ ಕಥೆ ತೊಟ್ಟಿಲಿನಿಂದಲೇ ಗೊತ್ತು, ಅವಳಿಗೆ ಗೊತ್ತಿರಲಿಲ್ಲ. ಅವಳು ದೊಡ್ಡ ಐಸಾಕನನ್ನು ಎತ್ತಿ ತನ್ನ ಅಳತೆಪಟ್ಟಿಯ ಪಕ್ಕ ಇಟ್ಟಳು. ಪಟ್ಟಿ ಮುಗಿದರೂ ಕಡ್ಡಿ ಮುಗಿಯಲಿಲ್ಲ. ‘ಮಿಸ್, ಒಂದಡಿಗಿಂತ ಜಾಸ್ತಿ ಇದೆ. ನಮ್ಮಪ್ಪಂದೇ ಇಷ್ಟುದ್ದ ಇಲ್ಲ. ಇದ್ಯಾವ ಅನಾಥ ಮಗು ಮಿಸ್?’ ಎಂದಳು. ಹಿಂದಿನ ಬೆಂಚಿನ ಟಾಡ್ ಬಿಗಲೋ ‘ಗಡ್ಡ ಬಂದಿರೋ ಮಗು!’ ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಅವಳು ನಗಲಿಲ್ಲ. ಒಂದೊಂದೇ ಕಡ್ಡಿ ತೆಗೆದು ಅಳೆಯುತ್ತಾ ಹೋದಳು. ನಲವತ್ತರಲ್ಲಿ ಮಕ್ಕಳ ಕಾಲೆನ್ನಬಹುದಾದವು ಏಳು. ‘ಇವರಿಗೆ ಮನೆತನದ ಹೆಸರೇ ಯಾಕಿಲ್ಲ ಮಿಸ್?’ ಎಂಬುದು ಅವಳ ಎರಡನೆಯ ಪ್ರಶ್ನೆ. ಗಂಟೆ ಹೊಡೆಯಿತು. ಅಪ್ಪಾ, ನಾನು ಗಂಟೆಗೆ ಅಷ್ಟು ಋಣಿಯಾಗಿದ್ದು ಅದೇ ಮೊದಲು.

ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ನಾವು ಪ್ರತಿ ವರ್ಷ ಬೆಳೆದ ಕಾಲುಗಳನ್ನು ಕಡ್ಡಿಗೆ ಹೊಂದಿಸಿ ನೋಡಿದವರು. ಕೆಲವು ವರ್ಷ ಚಿಕ್ಕಪ್ಪಂದಿರೂ ಬೂಟು ಕಳಚಿ ನಿಂತು ಕಡ್ಡಿ ಪಡೆದಿದ್ದಾರೆ. ಅವು ದೊಡ್ಡವರ ಕಾಲು ಎಂದು ಒಬ್ಬರಿಗಾದರೂ ಹೊಳೆಯಬೇಡವೇ? ನಾಲ್ಕೈದು ಕಡ್ಡಿಗಳು ಬಿದಿರಿನ ಸೀಳು. ಮಸಾಚುಸೆಟ್ಸಿನಲ್ಲಿ ಯಾವ ಗುಡ್ಡದ ಮೇಲೆ ಬಿದಿರು ಬೆಳೆಯುತ್ತದೆ ಎಂದು ಚರಿತ್ರೆಯ ಮೇಡಂ ಒಂದು ದಿನವೂ ಕೇಳಿಕೊಳ್ಳಲಿಲ್ಲ. ನಮಗೆ ಕಥೆ ಹಿತವಾಗಿತ್ತು, ಅದಕ್ಕೇ ಕೇಳಲಿಲ್ಲ.

ಅದೇ ವಾರದ ಶನಿವಾರ ಊರ ಗ್ರಂಥಾಲಯಕ್ಕೆ ಹೋದೆ. ನಮ್ಮ ಮನೆಯಿಂದ ಎಂದೋ ಸೇರಿದ ಹಳೆಯ ಕಾಗದಗಳ ರಟ್ಟಿನ ಡಬ್ಬಿಯೊಂದು ಅಲ್ಲಿದೆ. ‘ಇದನ್ನ ಯಾರೂ ಕೇಳೇ ಇಲ್ವಲ್ಲಮ್ಮ’ ಎನ್ನುತ್ತಾ ಗ್ರಂಥಪಾಲಕಿ ಮಿಸೆಸ್ ಓಕ್ಸ್ ಧೂಳು ಹೊಡೆದು ಕೊಟ್ಟರು. ಚರ್ಮದ ದರದ ಕಾಗದಗಳು, ಮದುವೆಯ ಕಾಗದಗಳು, ಯಾರದೋ ಹಲ್ಲುನೋವಿನ ಕಷಾಯದ ವಿವರ. ಎಲ್ಲಕ್ಕಿಂತ ಅಡಿಯಲ್ಲಿ ಮೇಣದ ನೂಲಿನಿಂದ ಕಟ್ಟಿದ ಒಂದು ತೆಳು ಕಟ್ಟು. ಓಕ್ಸ್ ಕತ್ತರಿ ತರಲು ಹೊರಟರು. ಅವರು ಮೇಜು ಸುತ್ತಿ ಹೋಗುವಷ್ಟರಲ್ಲಿ ನನ್ನ ಬೆರಳುಗಳೇ ಆ ಗಂಟನ್ನು ಬಿಚ್ಚಿದ್ದವು.

ಒಳಗಿದ್ದದ್ದು ಒಂದೇ ಪತ್ರ ಮತ್ತು ಒಂದು ಪಟ್ಟಿ. ಜಾರ್ಜಿಯಾದ ಒಬ್ಬ ಹತ್ತಿತೋಟದ ಧಣಿ 1837ರ ಏಪ್ರಿಲಿನಲ್ಲಿ ಜಬೆಜ್ ಟಾರ್ಬೆಲ್‌ಗೆ ಬರೆದದ್ದು. ಅಕ್ಷರ ಬಲು ಅಂದವಾಗಿದೆ. ‘ಎಂದಿನಂತೆ ನನ್ನ ಗುಲಾಮರ ಕಾಲಿನ ಅಳತೆಯ ಕಡ್ಡಿಗಳನ್ನು ಕಳಿಸಿದ್ದೇನೆ. ಬೂಟುಗಳೆಲ್ಲ ಗಟ್ಟಿ ಅಟ್ಟೆಯವಾಗಿರಲಿ, ನೋಟ ಮುಖ್ಯವಲ್ಲ. ಎಡ ಬಲವೆಂಬ ಭೇದ ಬೇಡ, ಯಾವ ಕಾಲಿಗಾದರೂ ಆಗುವಂತಿರಲಿ. ಹೋದ ವರ್ಷ ಬಂದ ಬೂಟು ಬಿಗಿಯಾಗಿ ಸೂಕಿ ಎಂಬವಳ ಹಿಮ್ಮಡಿ ಹುಣ್ಣಾಯಿತು, ಎರಡು ವಾರ ಹತ್ತಿ ಬಿಡಿಸಲು ಅವಳು ಒದಗಲಿಲ್ಲ. ಆದ್ದರಿಂದ ಅವಳಿಗೆ ಹೊಸ ಕಡ್ಡಿ ಕತ್ತರಿಸಿದ್ದೇನೆ.’ ಪಟ್ಟಿಯಲ್ಲಿ ನಲವತ್ತೊಂದು ಹೆಸರು. ಏಪ್ರಿಲ್ ಎಂದರೆ ಜಬೆಜಜ್ಜ ಇಗರ್ಜಿಯ ಮನವಿಗೆ ಸಹಿ ಹಾಕಿದ್ದೂ ಅದೇ ತಿಂಗಳು. ಬೆಳಿಗ್ಗೆ ಸಹಿ ಹಾಕಿ ಮಧ್ಯಾಹ್ನ ಕಡ್ಡಿಗಳ ಕಟ್ಟು ಬಿಚ್ಚಿದನೋ ಏನೋ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಎನ್ನೋಣವೆಂದರೆ, ಇವನು ಕಣ್ಣು ತೆರೆದೇ ಕುಡಿದಿದ್ದಾನೆ. ನಾನು ಅಲ್ಲೇ ಬೂಟು ಕಳಚಿ ನನ್ನ ಹಿಮ್ಮಡಿಯನ್ನು ನೋಡಿಕೊಂಡೆ. ಹುಚ್ಚುತನ, ಗೊತ್ತು. ಆದರೆ ಆ ಹೆಸರಿಗೆ ನಾನು ಮೂವತ್ತೆಂಟು ವರ್ಷ ಓಗೊಟ್ಟಿದ್ದೇನೆ. ಓಕ್ಸ್ ನೀರು ತಂದುಕೊಟ್ಟು ಏನೂ ಕೇಳದೆ ಹೋದರು, ಅವರಿಗೆ ದೇವರು ಒಳ್ಳೆಯದು ಮಾಡಲಿ.

ಸೋಮವಾರ ತರಗತಿಯಲ್ಲಿ ಪತ್ರವನ್ನು ಓದಿದೆ. ಇಪ್ಪತ್ತಾರು ವರ್ಷ ನಾನು ಹೇಳಿದ್ದು ತಪ್ಪು ಎಂದೆ. ನಿನ್ನ ಮಗಳಿಗೆ ತಪ್ಪೊಪ್ಪಿಕೊಳ್ಳುವುದು ಎಷ್ಟು ಕಷ್ಟವೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಟಾಡ್‌ಗೆ ಸಿಟ್ಟು ಬಂತು. ‘ನಿಮ್ಮಜ್ಜ ಬೂಟು ಮಾರಿದ್ರೆ ನಾವ್ಯಾಕೆ ಮಿಸ್ ಬರ್ಕೋಬೇಕು? ಗುಲಾಮರನ್ನ ಬಿಡಿಸಿದ್ದು ನಾವೇ ಅಲ್ವಾ?’ ಎಂದ. ಬಿಡಿಸಿದ್ದೂ ನಾವೇ, ಅವರ ಹೆಸರಿನ ಬೂಟು ಮಾರಿ ಬದುಕಿದ್ದೂ ನಾವೇ, ಎರಡನ್ನೂ ಬರೆದುಕೋ ಎಂದೆ. ಮಾರನೆಯ ದಿನ ಅವನೇ ಮುಖ ಸಣ್ಣದು ಮಾಡಿಕೊಂಡು ಬಂದ. ಮನೆಯಲ್ಲಿ ಅಜ್ಜಿಗೆ ನನ್ನ ಮೇಲೆ ದೂರು ಹೇಳಿದನಂತೆ. ಅಜ್ಜಿ ಬಟಾಣಿ ಸುಲಿಯುತ್ತಲೇ, ‘ಮಾರಿದ್ದು ಟಾರ್ಬೆಲ್ಲು, ಸರಿ. ಹೊಲಿದೋರು ಯಾರು ಅನ್ಕೊಂಡಿದೀಯೋ ಮಂಕೆ? ಹಿತ್ತಲಲ್ಲಿ ನೀನು ಸೈಕಲ್ ನಿಲ್ಸೋ ಆ ಗೂಡು ಯಾತಕ್ಕೆ ಕಟ್ಟಿದ್ದು?’ ಎಂದರಂತೆ. ಅಲ್ಲಿಂದ ಪಾಠ ನನ್ನ ಕೈ ತಪ್ಪಿ ಮಕ್ಕಳ ಕೈಗೆ ಹೋಯಿತು. ಚಳಿಗಾಲದಲ್ಲಿ ಹೊಲದ ಕೆಲಸವಿಲ್ಲದಾಗ ಊರಿನ ಮನೆಮನೆಯಲ್ಲೂ ಗಂಡಸರು ಅಟ್ಟೆ ಹೊಡೆದು, ಹೆಂಗಸರು ಮೇಲ್ಚರ್ಮ ಹೊಲಿದ ಬೂಟುಗಳು ಅವು. ಒಬ್ಬಳು ಕರಾವಳಿಯಲ್ಲಿರುವ ಮಾವನನ್ನು ಕೇಳಿ ಬಂದಳು. ಇಲ್ಲಿ ಯಾರೂ ಕೊಳ್ಳದ ಮುರುಕು ಒಣಮೀನನ್ನು ಹಡಗು ತುಂಬಿ ಕಬ್ಬಿನ ತೋಟಗಳ ಗುಲಾಮರ ಊಟಕ್ಕೆ ಕಳಿಸುತ್ತಿದ್ದರಂತೆ. ಹತ್ತಿತೋಟದ ಗುಲಾಮರು ಬಿಡಿಸಿದ ಹತ್ತಿ ನಮ್ಮ ಗಿರಣಿಗಳಿಗೆ ಬಂದು, ಅದರಲ್ಲೇ ಒಂದಿಷ್ಟು ಒರಟು ಬಟ್ಟೆಯಾಗಿ ಅವರ ಮೈಗೇ ಹಿಂದಿರುಗುತ್ತಿತ್ತು. ನಕ್ಷೆಯಲ್ಲಿ ಕೆಂಪು ಎಲ್ಲಿ ನಿಲ್ಲಿಸಬೇಕೆಂದು ನನಗೇ ತಿಳಿಯಲಿಲ್ಲ. ಸೀಮೆಸುಣ್ಣವನ್ನು ಒಡೆಟ್ ಕೈಗೆ ಕೊಟ್ಟೆ. ಅವಳು ಹತ್ತಿತೋಟದಿಂದ ನಮ್ಮ ಶಾಲೆಯವರೆಗೆ ಒಂದು ಗೆರೆ ಎಳೆದು, ಪಕ್ಕದಲ್ಲೇ ಹಿಂದಕ್ಕೆ ಇನ್ನೊಂದು ಎಳೆದು ಹೋಗಿ ಕುಳಿತಳು.

ಶುಕ್ರವಾರ ಮಕ್ಕಳಿಗೆ ಒಂದೊಂದು ಕಡ್ಡಿ ಕೊಟ್ಟು, ಈ ಮನುಷ್ಯನ ಬಗ್ಗೆ ನಿಮಗೆ ಖಂಡಿತವಾಗಿ ಗೊತ್ತಿರುವುದನ್ನಷ್ಟೇ ಬರೆಯಿರಿ ಎಂದೆ. ಯಾರೂ ಮೂರು ಸಾಲು ದಾಟಲಿಲ್ಲ. ಕಡ್ಡಿ ಕೈಗೆ ಬಂದದ್ದೇ ಬೂಟು ಕಳಚಿ ಕಾಲಿಟ್ಟು ನೋಡುವ ಹುರುಪು ಎಲ್ಲರಿಗೂ. ಒಡೆಟ್ ಮಾತ್ರ ‘ನಾನು ಕಾಲಿಡಲ್ಲ ಮಿಸ್. ಅದು ಅವರ ಅಳತೆ’ ಎಂದಳು. ಒಬ್ಬೊಬ್ಬರಾಗಿ ಎಲ್ಲರೂ ಬೂಟು ಹಾಕಿಕೊಂಡರು. ಅವರಲ್ಲಿ ನಮ್ಮ ಟೆಸ್ಸಾನೂ ಇದ್ದಳು, ಅಪ್ಪಾ. ಡ್ವೈಟ್‌ನ ಮಗಳಿಗೆ ಆಗಸ್ಟಿನಲ್ಲಿ ಹದಿಮೂರು ತುಂಬಿತು. ಆರು ವರ್ಷದವಳಿದ್ದಾಗಿನಿಂದ ಈ ಹಬ್ಬಕ್ಕೆ ಕಾಯುತ್ತಿದ್ದಾಳೆ. ನೀನು ಅವಳ ಮುಂದೆ ಮಂಡಿಯೂರಿ ಕೂರುವುದನ್ನು ಎಷ್ಟು ಸಲ ಆಟದಲ್ಲಿ ಮಾಡಿ ನೋಡಿದ್ದಾಳೋ, ಬೆಕ್ಕಿನ ಕಾಲನ್ನೂ ಬಿಟ್ಟಿಲ್ಲ. ಸಂಜೆ ನನ್ನ ಕಾರಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಅತ್ತಳು. ಅವಳು ಹೇಳಿದ ಮಾತು ಇದು: ‘ನೀನು ಹೇಳಿದ್ರೆ ಪಾಠದ ಥರ ಇರತ್ತೆ ಅತ್ತೆ. ಅಜ್ಜ ಬಾಯ್ಬಿಟ್ಟು ಹೇಳ್ಲಿ, ಆಗ ನಂಬ್ತೀನಿ.’

ಡ್ವೈಟ್‌ಗೆ ವಿಷಯ ತಿಳಿದು ರೇಗಿದ್ದಾನೆ. ‘ಸೂಕಿ, ಅಪ್ಪಂಗೆ ಎಂಬತ್ಮೂರು. ಇರೋದೊಂದು ಕಥೆ. ಅದನ್ನೂ ಕಿತ್ಕೊಂಡು ಏನ್ ಸಾಧಿಸ್ತೀಯಾ? ಅವರು ಇರೋವರೆಗಾದ್ರೂ ಬಾಯಿ ಮುಚ್ಕೊಂಡಿರು’ ಎಂದು ಫೋನ್ ಕುಕ್ಕಿದ. ಅವನು ಕೆಟ್ಟವನಲ್ಲ. ನಿನ್ನ ಎದೆ ತಡೆಯಲಾರದೆಂದು ಅವನಿಗೆ ಭಯ. ನನಗೂ ಭಯವೇ. ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ. ಹಬ್ಬದ ದಿನ ಪೆಟ್ಟಿಗೆ ಇಳಿಸಿದಾಗ ನಾನು ಸುಮ್ಮನೆ ಪೈ ತಿನ್ನುತ್ತಾ ಕೂತರೆ ಟೆಸ್ಸಾ ನನ್ನ ಮುಖವನ್ನೇ ನೋಡುತ್ತಾಳೆ. ಎದ್ದು ಮಾತಾಡಿದರೆ ಎಲ್ಲರೂ ನಿನ್ನ ಮುಖ ನೋಡುತ್ತಾರೆ. ಎರಡೂ ನನಗೆ ಬೇಡ. ಹೀಗಾಗಿ ನೀನು ವಿಮಾನ ಹತ್ತುವ ಮೊದಲೇ ನಿನಗೆ ತಿಳಿದಿರಲಿ ಎಂದು ಬರೆದೆ. ಬೇಸರವಾದರೆ ಬೈದು ಬರೆ, ಆದರೆ ಬರೆ. ಮೌನವಾಗಿರಬೇಡ.

ಇಪ್ಪತ್ತೆರಡರಂದು ವಿಮಾನ ನಿಲ್ದಾಣಕ್ಕೆ ನಾನೇ ಬರುತ್ತೇನೆ. ಉಣ್ಣೆಯ ಟೋಪಿ ಕೈಚೀಲದಲ್ಲೇ ಇರಲಿ, ಇಲ್ಲಿಯ ಗಾಳಿ ಬಾಗಿಲಲ್ಲೇ ಕಾದಿರುತ್ತದೆ. ಅಕ್ಕನಿಗೂ ಭಾವನಿಗೂ ನನ್ನ ನೆನಪು ಹೇಳು. ಅವಳು ಕೇಳಿದ್ದ ಕ್ರ್ಯಾನ್‌ಬೆರಿ ಗೊಜ್ಜು ಎರಡು ಸೀಸೆ ಎತ್ತಿಟ್ಟಿದ್ದೇನೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಉಸಿರು ಸರಾಗವಾಗಿರಲಿ.

ನಿನ್ನ ಮಗಳು,
ಲೋಯಿಸ್

ಮರೆತ ಮಾತು: ಮರೆತಿರಲಿಲ್ಲ, ಸುಳ್ಳು. ಲಕೋಟೆ ಅಂಟಿಸಿಯಾಗಿತ್ತು, ಹರಿದು ಮತ್ತೆ ತೆಗೆದಿದ್ದೇನೆ. ಸೋಮವಾರ ಬೆಳಗಾಯಿತು, ಶಾಲೆಗೆ ಹೋಗುತ್ತಾ ಟಪಾಲಿಗೆ ಹಾಕಬೇಕು, ಬೇಗ ಬೇಗ ಬರೆಯುತ್ತೇನೆ. ಗ್ರಂಥಾಲಯದ ಆ ಕಟ್ಟಿನ ಗಂಟು ನಿನ್ನದು, ಅಪ್ಪಾ. ಎರಡು ಸುತ್ತು, ಒಂದು ಕುಣಿಕೆ, ಬಾಲ ಒಳಗೆ. ಹೆಪ್ಪುಗಟ್ಟಿದ ಕೊಳದ ಮೇಲೆ ಜಾರುವ ನನ್ನ ಬೂಟುಗಳಿಗೆ ನೀನು ಕಟ್ಟಿಕೊಟ್ಟು, ಬಿಚ್ಚಲು ಕಲಿಸಿದ ಗಂಟು. ಅದಕ್ಕೇ ನನ್ನ ಬೆರಳಿಗೆ ಗೊತ್ತಿತ್ತು. ಓಕ್ಸ್ ಅವರ ದಫ್ತರಿನಲ್ಲಿ ಡಬ್ಬಿ ಕೊಟ್ಟವರ ಹೆಸರಿನ ಜಾಗದಲ್ಲಿ ನಿನ್ನ ಸಹಿ ಇದೆ, ಸೆಪ್ಟೆಂಬರ್ 1961. ನಾನು ಕಾಲೇಜಿಗೆ ಹೊರಟ ತಿಂಗಳು. ನೀನು ನನ್ನನ್ನು ಸೂಕಿ ಎಂದು ಕರೆಯುವುದನ್ನು ಬಿಟ್ಟ ತಿಂಗಳು. ಸೂಕಿಯ ಹಿಮ್ಮಡಿಯ ಆ ಸಾಲನ್ನು ನೀನು ಓದಿದ್ದೆ, ಅಲ್ಲವೇ? ನಮ್ಮೆಲ್ಲರಿಗೂ ಕಥೆ ಹೇಳುತ್ತಾ, ಆ ಒಂದು ಹೆಸರನ್ನು ಮಾತ್ರ ಮೂವತ್ತಮೂರು ವರ್ಷ ನೀನು ಬಾಯಿಗೆ ತಂದುಕೊಳ್ಳಲಿಲ್ಲ. ಮೊದಲು ನನಗೆ ಸಿಟ್ಟು ಬಂತು, ಇಪ್ಪತ್ತಾರು ವರ್ಷ ನನ್ನನ್ನು ತರಗತಿಯಲ್ಲಿ ಸುಳ್ಳು ಹೇಳಲು ಬಿಟ್ಟೆಯಲ್ಲ ಎಂದು. ಈಗಲೂ ಸ್ವಲ್ಪ ಇದೆ. ಆದರೆ ಒಲೆ ಆರು ಹೆಜ್ಜೆ ದೂರದಲ್ಲಿತ್ತು. ನೀನು ಆ ಪತ್ರವನ್ನು ಸುಡಲಿಲ್ಲ, ಯಾರಾದರೂ ಬಿಚ್ಚಲೆಂದು ಕಟ್ಟಿ ಇಟ್ಟೆ. ಹಾಗಾಗಿ ಡ್ವೈಟ್ ಹೆದರಿದರೂ ಇದು ನಿನ್ನನ್ನು ಕೊಲ್ಲುವುದಿಲ್ಲ. ಒಬ್ಬನೇ ಹೊತ್ತದ್ದು ಸಾಕು. ಹಬ್ಬದ ದಿನ ಪೆಟ್ಟಿಗೆಯನ್ನು ನೀನೇ ಇಳಿಸು. ಟೆಸ್ಸಾಗೆ ನಿನ್ನ ಬಾಯಿಂದಲೇ ಹೇಳು, ನಾನು ಪಕ್ಕದಲ್ಲೇ ಕೂತಿರುತ್ತೇನೆ. ಕೇಟೊನನ್ನು ಮರೆಯದೆ ತಾ. ಪಟ್ಟಿಯಲ್ಲಿ ನಲವತ್ತೊಂದು ಹೆಸರಿದೆ, ನನ್ನ ಮೇಜಿನ ಮೇಲೆ ನಲವತ್ತೇ ಜನ ಇದ್ದಾರೆ.